ಗೋಡೆಯನ್ನು ಕೊರೆಯುವ ಮುನ್ನ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತವಾದುದು. ಕಟ್ಟಿದ ಮನೆಯನ್ನು ಒಡೆದು ತಿದ್ದುವ ಕಷ್ಟವನ್ನು ಆ ಗಾದೆ ಮಾಡಿದವರು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ತಾತ ಕಟ್ಟಿಸಿದ ಮನೆಯಲ್ಲಿ ಮೊಮ್ಮಗನು ಒಂದು ಗೂಟವನ್ನು ಸಹ ಹೆಚ್ಚಾಗಿ ಹೊಡೆಯದೆ ಬಾಳಿಹೋಗುತ್ತಿದ್ದ ಕಾಲ ಅದು. ಇಂದಿನ ಸಂಸಾರದ ಅಗತ್ಯಗಳು ಬೇರೆ. ಅಡಿಗೆಮನೆ ಇಕ್ಕಟ್ಟಾಯಿತೆಂದು ಪಕ್ಕದ ಉಗ್ರಾಣವನ್ನು ಅದಕ್ಕೆ ಸೇರಿಸುತ್ತೇವೆ. ಹಜಾರಕ್ಕೆ ಬೆಳಕು ಸಾಲದೆಂದು ಕಿಟಕಿಯನ್ನು ಅಗಲಿಸುತ್ತೇವೆ. ಹೊಸ ಸ್ವಿಚ್ಚು, ಹೊಸ ನಲ್ಲಿ, ಬಿಸಿನೀರಿನ ಕೊಳವೆ ಎಂದು ಒಂದಲ್ಲ ಒಂದು ಕಾರಣದಿಂದ ಗೋಡೆಗೆ ಉಳಿ ತಾಗಿಸುತ್ತೇವೆ. ಆ ಮೊದಲನೆಯ ಪೆಟ್ಟು ಬೀಳುವುದಕ್ಕೆ ಮುಂಚೆ ಗೃಹಸ್ಥನು ಯೋಚಿಸತಕ್ಕ ಕೆಲವು ಸಂಗತಿಗಳನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇವೆ.

ಗೋಡೆಗೆ ಕಿವಿಯುಂಟು ಎಂದು ಜನ ಹೇಳುತ್ತಾರೆ. ಅದಕ್ಕೆ ಹೆಗಲೂ ಉಂಟು, ನರಗಳೂ ಉಂಟು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹೆಗಲ ಮೇಲೆ ಮಾಳಿಗೆಯ ಭಾರವಿರುತ್ತದೆ. ನರಗಳಂತೆ ಒಳಗೆ ವಿದ್ಯುತ್ತಿನ ತಂತಿಗಳೂ ನೀರಿನ ಕೊಳವೆಗಳೂ ಹರಿದಿರುತ್ತವೆ. ಇವೆರಡರ ಜೊತೆಗೆ, ಕೊರೆದಾಗ ಏಳುವ ಧೂಳು ಒಂದು. ಆದಕಾರಣ ಯಾವ ಗೋಡೆಯ ಮುಂದೆಯೇ ಆಗಲಿ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಇದು ಏನನ್ನು ಹೊತ್ತಿದೆ? ಒಳಗೆ ಏನನ್ನು ಅಡಗಿಸಿಕೊಂಡಿದೆ? ಕೊರೆದರೆ ಏನನ್ನು ಹೊರಗೆ ಬಿಡುತ್ತದೆ?

ಮೊದಲು ಭಾರದ ಮಾತು. ಮೈಸೂರಿನ ಅಗ್ರಹಾರಗಳಲ್ಲಿಯೂ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಇನ್ನೂ ಉಳಿದಿರುವ ಹಳೆಯ ಮನೆಗಳನ್ನು ನೋಡಿರಿ. ಅವುಗಳಲ್ಲಿ ಅನೇಕಕ್ಕೆ ಮದರಾಸು ತಾರಸಿ ಎಂದು ಹೆಸರಾದ ಮಾಳಿಗೆಯಿದೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಮರದ ಜಂತೆಗಳನ್ನು ಸಾಲಾಗಿಟ್ಟು, ಅವುಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ, ಮೇಲೆ ಇಟ್ಟಿಗೆಯ ಜಲ್ಲಿ ಮತ್ತು ಸುಣ್ಣವನ್ನು ಬಡಿದು ಗಟ್ಟಿಮಾಡುತ್ತಿದ್ದರು. ಈ ಮಾಳಿಗೆಯ ತೂಕವೆಲ್ಲವೂ ಜಂತೆಗಳ ತುದಿಗಳ ಮೂಲಕ ಗೋಡೆಗೆ ಇಳಿಯುತ್ತದೆ. ಅಂತಹ ಗೋಡೆಯಲ್ಲಿ ಬಾಗಿಲಗಲದ ಕಂಡಿ ತೆಗೆದರೆ, ಆ ಅಗಲದಲ್ಲಿ ಕೂತಿರುವ ಜಂತೆಗಳು ಆಧಾರವಿಲ್ಲದೆ ನಿಲ್ಲುತ್ತವೆ. ಕಾಂಕ್ರೀಟಿನ ಕಂಬ ತೊಲೆಗಳುಳ್ಳ ಈಚಿನ ಮನೆಗಳಲ್ಲಿ ಭಾರವನ್ನು ಹೊರುವುವು ಆ ಕಂಬ ತೊಲೆಗಳು. ನಡುವಣ ಗೋಡೆ ಹೆಚ್ಚಾಗಿ ಬರಿಯ ಮರೆ. ಆದರೆ ಎರಡು ಮೂರು ಅಂತಸ್ತುಗಳಿದ್ದೂ ಕಂಬಗಳಿಲ್ಲದೆ ಗೋಡೆಗಳ ಮೇಲೆಯೇ ನಿಂತಿರುವ ಮನೆಗಳು ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟಿವೆ.

ಹಾಗಾದರೆ ಗುರುತಿಸುವುದು ಹೇಗೆ? ಒಂಬತ್ತು ಅಂಗುಲದ ಗೋಡೆ ಭಾರ ಹೊರುವುದು, ನಾಲ್ಕೂವರೆ ಅಂಗುಲದ್ದು ಮರೆಗೋಡೆ ಎಂಬ ಲೆಕ್ಕವೊಂದು ರೂಢಿಯಲ್ಲಿದೆ. ಇದು ಮೊದಲನೆಯ ಊಹೆಗೆ ಸಾಕು, ತೀರ್ಮಾನಕ್ಕೆ ಸಾಲದು. ಮೇಲಣ ಅಂತಸ್ತಿನಲ್ಲಿ ಅದೇ ಜಾಗದಲ್ಲಿ ಗೋಡೆಯಿದೆಯೆ? ಜಂತೆಗಳು ಯಾವ ದಿಕ್ಕಿಗೆ ಹಾಯ್ದಿವೆ? ಮಹಡಿಯ ಮೆಟ್ಟಿಲು ಅದಕ್ಕೆ ಒರಗಿದೆಯೆ? ನೀರಿನ ತೊಟ್ಟಿ ಅದರ ನೆತ್ತಿಯ ಮೇಲೆ ಕುಳಿತಿದೆಯೆ? ಇವನ್ನೆಲ್ಲ ನೋಡಿ, ಸಾಧ್ಯವಾದರೆ ಮನೆಯ ನಕ್ಷೆಯನ್ನು ತೆಗೆದು, ಕಟ್ಟಡಗಳ ಬಲಾಬಲವನ್ನು ಬಲ್ಲ ಎಂಜಿನಿಯರನ್ನು ಒಮ್ಮೆ ಕರೆಯಿಸುವುದು ಯೋಗ್ಯ. ಅವರಿಗೆ ಕೊಡುವ ಹಣ ಒಟ್ಟು ಖರ್ಚಿನಲ್ಲಿ ಅಲ್ಪಭಾಗ. ಅದನ್ನು ಉಳಿಸುವುದಕ್ಕಾಗಿ ನಾವು ಪಣಕ್ಕಿಡುವುದು ಮನೆಯನ್ನೇ.

ಈ ಮಾತು ಅತಿಯಾಯಿತೆಂದು ಯಾರಾದರೂ ಭಾವಿಸಬಹುದು. 2017ನೆಯ ಇಸವಿ ಜುಲೈ 25ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ ನಾಲ್ಕಂತಸ್ತಿನ ವಾಸದ ಕಟ್ಟಡವೊಂದು ಬೆಳಗಿನ ಹೊತ್ತಿನಲ್ಲಿ ಕುಸಿದುಬಿದ್ದು 17 ಮಂದಿ ಮಡಿದರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ಮಾರ್ಪಾಟಿನ ಕೆಲಸದಲ್ಲಿ ಕಂಬಗಳಿಗೆ ಕೈ ಹಚ್ಚಿದುದೇ ಇದಕ್ಕೆ ಕಾರಣವೆಂದು ಅಲ್ಲಿ ವಾಸವಾಗಿದ್ದವರು ದೂರಿದರು. ಇದಕ್ಕೂ ಹಿಂದೆ, 1968ನೆಯ ಇಸವಿ ಮೇ 16ರಂದು, ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ ಹದಿನೆಂಟನೆಯ ಅಂತಸ್ತಿನಲ್ಲಿ ಅಡಿಗೆಯ ಅನಿಲ ಸಿಡಿದು ಭಾರ ಹೊರುವ ಗೋಡೆಯು ಹಾರಿಹೋಯಿತು. ಆ ಒಂದು ಅಂತಸ್ತಿನ ಗೋಡೆ ತಪ್ಪಿದುದಕ್ಕೆ ಕಟ್ಟಡದ ಆ ಮೂಲೆಯೇ ಕುಸಿದು ನಾಲ್ವರು ಸತ್ತರು. ಸಿಡಿತದಿಂದಲೇ ಹೋಗಲಿ, ಸುತ್ತಿಗೆಯಿಂದಲೇ ಹೋಗಲಿ, ಆಧಾರ ತಪ್ಪಿದ ಭಾರಕ್ಕೆ ವ್ಯತ್ಯಾಸವೇನೂ ತಿಳಿಯದು.

ಭಾರದ ಗೋಡೆಯಲ್ಲಿ ಬಾಗಿಲು ತೆಗೆಯಲೇಬೇಕಾಗಿ ಬಂದರೆ ಅದಕ್ಕೆ ಕ್ರಮವಿದೆ. ಎಂಜಿನಿಯರು ಸೂಚಿಸಿದ ಅಳತೆಯಂತೆ ಮೊದಲು ಗೋಡೆಯ ಎರಡು ಬದಿಗಳಲ್ಲಿಯೂ ಮಾಳಿಗೆಗೆ ಊರೆಗಂಬಗಳನ್ನು, ಅಂದರೆ ಈಗ ಬಾಡಿಗೆಗೆ ದೊರೆಯುವ ಕಬ್ಬಿಣದ ಜಾಕಿಗಳನ್ನು, ಕೊಡಬೇಕು. ಅನಂತರ ಮೇಲುಗಡೆ ಲಿಂಟಲ್ ಕೂರುವಷ್ಟು ಮಾತ್ರ ಕೊರೆದು, ಅದನ್ನು ಕೂರಿಸಿ, ಗಾರೆ ಗಟ್ಟಿಯಾಗುವವರೆಗೆ ಕಾದು, ಆಮೇಲೆ ಅದರ ಕೆಳಗಣ ಇಟ್ಟಿಗೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಡಿಸಬೇಕು. ಬುಡವನ್ನು ಕಿತ್ತು ಗೋಡೆಯನ್ನು ಉರುಳಿಸುವುದು ಬೇಗನೆ ಮುಗಿಯುವ ದಾರಿಯೆಂದು ಕೆಲವರು ಹಾಗೆ ಮಾಡುವುದುಂಟು, ಎಂದಿಗೂ ಕೂಡದು. ಹತ್ತಡಿ ಉದ್ದ, ಹತ್ತಡಿ ಎತ್ತರ, ಒಂಬತ್ತು ಅಂಗುಲ ದಪ್ಪದ ಇಟ್ಟಿಗೆ ಗೋಡೆ ಸುಮಾರು 4 ಟನ್ ತೂಗುತ್ತದೆ. ಬೀಳುವಾಗ ಅದು ಯಾವ ಕಡೆಗೆ ಬೀಳುವೆನೆಂದು ನಮ್ಮನ್ನು ಕೇಳುವುದಿಲ್ಲ.

ಒಡೆದ ಇಟ್ಟಿಗೆಯ ರಾಶಿಯೂ ಭಾರವೇ. ವಾಸದ ಮನೆಯ ಮಹಡಿಯ ನೆಲವನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 200 ಕಿಲೋಗ್ರಾಮಿನಷ್ಟು ಜನ ಮತ್ತು ಸಾಮಾನುಗಳ ಭಾರಕ್ಕೆ ಲೆಕ್ಕಹಾಕಿರುತ್ತಾರೆ. ಒಂದಡಿ ಎತ್ತರಕ್ಕೆ ಇಟ್ಟಿಗೆ ಚೂರುಗಳನ್ನು ಪೇರಿಸಿದರೆ ಆ ಭಾರ ಅದರ ಇಮ್ಮಡಿಯನ್ನು ಮುಟ್ಟುತ್ತದೆ. ಮಹಡಿಯ ಮೇಲಿನ ಕಲ್ಲುಮಣ್ಣನ್ನು ದಿನದಿನವೂ ಕೆಳಗಿಳಿಸಬೇಕೆನ್ನುವುದು ಈ ಕಾರಣದಿಂದ.

ತಂತಿಗಾಗಿಯೂ ಕೊಳವೆಗಾಗಿಯೂ ಗೋಡೆಯಲ್ಲಿ ಕೊರೆಯುವ ಸಣ್ಣ ಕಾಲುವೆಗಳ ವಿಷಯದಲ್ಲಿಯೂ ಮಿತಿಯುಂಟು. ನೆಟ್ಟಗೆ ಮೇಲಿನಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರರಲ್ಲೊಂದು ಪಾಲಿಗಿಂತ ಆಳ ಹೋಗಕೂಡದು; ಅಡ್ಡಲಾಗಿ ಕೊರೆದರೆ ಆರರಲ್ಲೊಂದು ಪಾಲನ್ನು ಮೀರಕೂಡದು. ಒಂಬತ್ತು ಅಂಗುಲದ ಗೋಡೆಯಲ್ಲಿ ಅಡ್ಡ ಕಾಲುವೆಗೆ ದೊರೆಯುವುದು ಒಂದೂವರೆ ಅಂಗುಲ ಮಾತ್ರ. ಅಡ್ಡಗೀರಿನ ಮೇಲೆ ಇಷ್ಟು ನಿರ್ಬಂಧವೇಕೆಂದರೆ, ಅದು ಗೋಡೆಯನ್ನು ಉದ್ದಕ್ಕೂ ಒಂದೇ ಮಟ್ಟದಲ್ಲಿ ತೆಳುಮಾಡುತ್ತದೆ. ಮೇಲಿನ ಭಾರವೆಲ್ಲ ಆ ತೆಳುವಾದ ಭಾಗದ ಮೂಲಕವೇ ಇಳಿಯಬೇಕಾಗುತ್ತದೆ. ಕಾಂಕ್ರೀಟಿನ ಕಂಬವನ್ನೂ ತೊಲೆಯನ್ನೂ ಕೊರೆದು ಕಬ್ಬಿಣದ ಸರಳನ್ನು ಕತ್ತರಿಸುವುದಂತೂ ಸರ್ವಥಾ ವರ್ಜ್ಯ.

ಎರಡನೆಯ ಪ್ರಶ್ನೆ, ಗೋಡೆಯ ಒಡಲಲ್ಲಿ ಅಡಗಿರುವುದೇನು ಎಂಬುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಹಿಂದೆ ಮನೆಗಳ ತಂತಿಗಳನ್ನು ಮರದ ಪಟ್ಟಿಗಳ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ಓಡಿಸುತ್ತಿದ್ದರು. ನೋಟಕ್ಕೆ ಅಷ್ಟು ಚೆನ್ನಲ್ಲದಿದ್ದರೂ ಅದರಲ್ಲಿ ಒಂದು ಗುಣವಿತ್ತು: ತಂತಿ ಎಲ್ಲಿದೆಯೆಂಬುದು ಮಗುವಿಗೂ ತಿಳಿಯುತ್ತಿತ್ತು. ಈಗ ಅವು ಗಿಲಾವಿನ ಹಿಂದೆ ಸೇರಿಕೊಂಡಿವೆ. ಸ್ವಿಚ್ಚಿನಿಂದ ನೇರವಾಗಿ ಮೇಲಕ್ಕೋ ಅಡ್ಡಕ್ಕೋ ತಂತಿಯನ್ನು ಒಯ್ಯುವುದು ಸರಿಯಾದ ಪದ್ಧತಿ. ಕೊಳವೆಯನ್ನು ಉಳಿಸುವ ಆಸೆಯಿಂದ ಓರೆಯಾಗಿ ಒಯ್ದವರೂ ಇದ್ದಾರೆ. ಆದುದರಿಂದ ಸ್ವಿಚ್ಚು ದೂರದಲ್ಲಿದೆ, ಇಲ್ಲಿ ತಂತಿಯಿರಲಾರದು ಎಂಬ ಭರವಸೆ ಕೂಡದು.

ಕೆಲಸಕ್ಕೆ ಮೊದಲು ಮೆಯಿನ್ ಸ್ವಿಚ್ಚನ್ನು ತೆಗೆಯಬೇಕೆಂಬುದು ಎಲ್ಲರೂ ಬಲ್ಲ ಮಾತು. ಈಗಿನ ಮನೆಗಳಲ್ಲಿ ಅಷ್ಟು ಮಾತ್ರ ಸಾಲದು. ಇನ್‌ವರ್ಟರು ಇದ್ದಲ್ಲಿ, ಮೆಯಿನ್ ತೆಗೆದ ಕ್ಷಣವೇ ಅದು ಎಚ್ಚತ್ತು ಅದೇ ತಂತಿಗಳಿಗೆ ವಿದ್ಯುತ್ತನ್ನು ತುಂಬುತ್ತದೆ. ಅದನ್ನೂ, ತಾರಸಿಯ ಮೇಲೆ ಸೂರ್ಯನ ಬೆಳಕಿನಿಂದ ವಿದ್ಯುತ್ತು ಮಾಡುವ ಫಲಕಗಳಿದ್ದರೆ ಅವುಗಳನ್ನೂ ಬೇರ್ಪಡಿಸಬೇಕು. ಸ್ವಿಚ್ಚಿನ ಬಳಿ ಮನೆಯವರೊಬ್ಬರು ನಿಲ್ಲಬೇಕು ಇಲ್ಲವೆ ಬೀಗ ಹಾಕಬೇಕು. ಕತ್ತಲಾಯಿತೆಂದು ಇನ್ನೊಬ್ಬರು ಬಂದು ಅದನ್ನು ಹಾಕಿಬಿಡುವುದು ಅಪರೂಪವಲ್ಲ.

ಫಲಕದಲ್ಲಿರುವ ಸಣ್ಣ ಎಂ.ಸಿ.ಬಿ. ತಾನೇ ಬೀಳುವುದಲ್ಲ, ಭಯವೇಕೆ ಎಂದು ಕೇಳುವವರುಂಟು. ಅದರ ಕೆಲಸ ತಂತಿಯನ್ನು ಕಾಯುವುದು. ಅದು 6 ಅಥವಾ 16 ಆಂಪಿಯರುಗಳನ್ನು ಆರಾಮವಾಗಿ ಹರಿಯಬಿಡುತ್ತದೆ. ಮನುಷ್ಯನ ಗುಂಡಿಗೆಗೆ ಅಪಾಯವೊದಗಲು ಆಂಪಿಯರಿನ ಸಣ್ಣದೊಂದು ಅಂಶ ಸಾಕು. ದೇಹದ ಮೂಲಕ ನೆಲಕ್ಕೆ ಸೋರುವ ವಿದ್ಯುತ್ತನ್ನು ಗುರುತಿಸಿ, 30 ಮಿಲಿ ಆಂಪಿಯರಿಗೇ ಕಡಿದುಬಿಡುವ ಉಪಕರಣ ಬೇರೆ ಇದೆ, ಅದನ್ನು ಆರ್.ಸಿ.ಸಿ.ಬಿ. ಎನ್ನುತ್ತಾರೆ. 60 ವ್ಯಾಟಿನ ಹಳೆಯ ದೀಪವೊಂದು ಎಳೆಯುವ ವಿದ್ಯುತ್ತು ಇದರ ಎಂಟರಷ್ಟಕ್ಕಿಂತಲೂ ಹೆಚ್ಚು ಎಂದರೆ, ಎಷ್ಟು ಸೂಕ್ಷ್ಮವಾದುದೆಂಬುದು ತಿಳಿದೀತು. ಕೊರೆಯುವ ಯಂತ್ರಕ್ಕೆ ವಿದ್ಯುತ್ತು ಕೊಡುವ ತಂತಿಯು ಇಂತಹ ಉಪಕರಣದ ಮೂಲಕ ಬರುವಂತೆ ಏರ್ಪಡಿಸಿಕೊಳ್ಳತಕ್ಕದ್ದು.

ಇನ್ನು ಮೂರನೆಯದು, ಧೂಳು. ಉಳಿದೆರಡು ಅಪಾಯಗಳು ಆ ಕ್ಷಣದಲ್ಲಿ ತೋರಿಬರುತ್ತವೆ. ಇದು ವರ್ಷಗಳ ಮೇಲೆ ತೋರುತ್ತದೆ. ಮರಳು, ಗ್ರಾನೈಟು, ಕಾಂಕ್ರೀಟು, ಇಟ್ಟಿಗೆ ಇವೆಲ್ಲದರಲ್ಲಿಯೂ ಸಿಲಿಕ ಎಂಬ ವಸ್ತುವಿದೆ. ತಿರುಗುವ ಚಕ್ರದಿಂದ ಗೋಡೆಯನ್ನು ಕೊಯ್ದಾಗ ಅದು ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತ ಸಣ್ಣ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ತಳವನ್ನು ಸೇರಿ, ಅಲ್ಲಿ ಗಾಯಮಾಡಿ, ಮಾದ ಗಾಯದ ಕಲೆಯಂತೆ ಅದನ್ನು ಗಡುಸಾಗಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಅಲ್ಲಿ ಬಂಡೆಯನ್ನು ಕೊರೆದವರ ಎದೆಯಲ್ಲಿ ಆ ಧೂಳು ಉಳಿಯಿತು. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಈ ಧೂಳಿನಿಂದ ಕ್ಯಾನ್ಸರು ಸಹ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿ ನಿರ್ಣಯಿಸಿತು.

ಪರಿಹಾರ ಸುಲಭವಾದುದು. ಚಕ್ರದ ಬಾಯಿಗೆ ನೀರು ಬೀಳುವ ಯಂತ್ರವನ್ನೋ, ಧೂಳನ್ನು ಹುಟ್ಟಿದಲ್ಲಿಯೇ ಹೀರುವ ಯಂತ್ರವನ್ನೋ ಬಳಸಬೇಕು. ನೀರನ್ನು ಬಳಸುವಲ್ಲಿ ಯಂತ್ರವು ಅದಕ್ಕೆಂದೇ ಮಾಡಿದುದಾಗಿರಬೇಕು. ಮೇಲೆ ಹೇಳಿದ ಸೋರಿಕೆ ತಡೆಯುವ ಉಪಕರಣ ಅಲ್ಲಿ ಇಮ್ಮಡಿ ಅಗತ್ಯ. ಮೂಗಿಗೆ ಕಟ್ಟಿಕೊಂಡ ಟವಲು ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ, ಕೊಲ್ಲುವ ಧೂಳನ್ನು ತಡೆಯುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಸುಕು, ಕಣ್ಣಿಗೆ ಕನ್ನಡಕ ಇವು ಬೇಕು. ಕೆಲಸವಾದ ಮೇಲೆ ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಲ್ನಾರಿನ ತಗಡುಗಳಿಂದ ಮಾಡಿದ ಮರೆಯಿದ್ದರೆ ಅದನ್ನು ಕೊಯ್ಯದೆ, ಮುರಿಯದೆ, ನೆನೆಸಿ ಇಡಿಯಾಗಿ ಬಿಚ್ಚಿಸಬೇಕು. ಹಳೆಯ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜುವುದೂ ಸಲ್ಲದು. ಬಣ್ಣದಲ್ಲಿ ಸೀಸವನ್ನು ಮಿತಗೊಳಿಸುವ ಕಾನೂನು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದ ಪುಡಿ ಮಕ್ಕಳ ಮೆದುಳಿಗೆ ವಿಷ.

ಕೆಲಸ ನಡೆಯುತ್ತಿರುವಾಗ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕೊಡೆದರೆ, ತೆರೆಯುತ್ತಿದ್ದ ಬಾಗಿಲು ಹಠಾತ್ತನೆ ಬಿಗಿದುಕೊಂಡರೆ, ಮೇಲಿನಿಂದ ಗಾರೆ ಉದುರತೊಡಗಿದರೆ, ಅದು ಗೋಡೆ ಕೊಡುವ ಎಚ್ಚರಿಕೆ. ಆಗ ಬಿರುಕಿಗೆ ಸಿಮೆಂಟು ಮೆತ್ತುತ್ತ ನಿಲ್ಲದೆ, ಎಲ್ಲರೂ ಹೊರಗೆ ಬಂದು, ಎಂಜಿನಿಯರನ್ನು ಕರೆಯಿಸತಕ್ಕದ್ದು.

ಕಡೆಯದಾಗಿ ಒಂದು ಮಾತು. "ಏನೂ ಆಗೋದಿಲ್ಲ ಸ್ವಾಮಿ, ಇಂಥಾವು ನೂರು ಒಡೆದಿದ್ದೇನೆ" ಎಂದು ಮೇಸ್ತ್ರಿ ಧೈರ್ಯ ಹೇಳಬಹುದು. ಅವನ ಅನುಭವವನ್ನು ನಾವು ಗೌರವಿಸೋಣ. ಆದರೆ ಆ ಧೈರ್ಯದ ಹಿಂದೆ ದಿನಗೂಲಿ ತಪ್ಪೀತೆಂಬ ಅಳುಕೂ ಇರಬಹುದೆಂಬುದನ್ನು ಮರೆಯಲಾಗದು. ಊರೆ ಕೊಡದೆ ಒಡೆಯಲಾರೆ, ಮುಸುಕಿಲ್ಲದೆ ಕೊಯ್ಯಲಾರೆ ಎಂದು ಕೂಲಿಯವನು ಹೇಳಿದರೆ ಮರುದಿನ ಇನ್ನೊಬ್ಬನು ಬರುತ್ತಾನೆ. ಇದು ಅವನಿಗೂ ಗೊತ್ತು, ನಮಗೂ ಗೊತ್ತು. ದೊಡ್ಡ ಕಟ್ಟಡಗಳ ಕೆಲಸದಲ್ಲಿ ನೋಡಿಕೊಳ್ಳುವುದಕ್ಕೆ ಅಧಿಕಾರಿಗಳಿರುತ್ತಾರೆ. ನಮ್ಮ ಮನೆಯ ಒಂದು ಗೋಡೆಯನ್ನು ಕೊರೆಯುವಾಗ ನೋಡಿಕೊಳ್ಳತಕ್ಕವರು ನಾವೇ. ಕೆಲಸ ಮುಗಿದ ಮೇಲೆ ಅಗಲವಾದ ಹಜಾರ ನಮಗೆ ಉಳಿಯುತ್ತದೆ. ಅದನ್ನು ಅಗಲಮಾಡಿದವನು ಸಾಯಂಕಾಲ ಕೂಲಿಯೊಡನೆ ಒಳ್ಳೆಯ ಉಸಿರನ್ನೂ ಹೊತ್ತು ತನ್ನ ಮನೆಗೆ ಹೋಗುವಂತಾಗಬೇಕು. ಊರೆಗಂಬದ ಬಾಡಿಗೆಯನ್ನೂ ಮುಸುಕಿನ ಬೆಲೆಯನ್ನೂ ಇಟ್ಟಿಗೆ ಸಿಮೆಂಟುಗಳ ಪಟ್ಟಿಯಲ್ಲಿಯೇ ಮೊದಲು ಬರೆದುಕೊಂಡು ಕೆಲಸಕ್ಕೆ ಕೈ ಹಾಕೋಣವೆಂದು ಪ್ರಾರ್ಥಿಸುತ್ತೇವೆ.