ಹುಟ್ಟಿನ ದಾಖಲೆ: ಪಾಂಡವಪುರ ಉಪವಿಭಾಗದ ನೆಲೆಯಲ್ಲಿ ಒಂದು ನೋಟ

ಭಾರತದಲ್ಲಿ ಜನನ ನೋಂದಣಿ, ಅಂದರೆ ಮಗು ಹುಟ್ಟಿದ್ದನ್ನು ಸರ್ಕಾರದ ವಹಿಯಲ್ಲಿ ಬರೆದಿಡುವ ಕ್ರಮ, ವ್ಯಕ್ತಿಗೆ ಗುರುತು ಕೊಡುವುದಕ್ಕಿಂತ ಹೆಚ್ಚಾಗಿ ಜನಸಂಖ್ಯೆ ಮತ್ತು ಆರೋಗ್ಯದ ಲೆಕ್ಕಕ್ಕಾಗಿ ಬೆಳೆದದ್ದು. 1886ರ ಕಾಯ್ದೆಯು ಬ್ರಿಟಿಷ್ ಭಾರತದಲ್ಲಿ ನೋಂದಣಿಯನ್ನು ಇಚ್ಛೆಯುಳ್ಳವರಿಗೆ ಬಿಟ್ಟಿತ್ತು. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆ ಅದನ್ನು ಕಡ್ಡಾಯಗೊಳಿಸಿತು; ಅದರಡಿಯ ಈಗಿನ ನಿಯಮಗಳಂತೆ ಹೆರಿಗೆಯಾದ 21 ದಿನಗಳೊಳಗೆ ವರದಿ ಮಾಡಬೇಕು.

ಈ ಕಾಯ್ದೆಯ ಪ್ರಕಾರ ಹುಟ್ಟು ದಾಖಲಾಗುವುದು ತಂದೆತಾಯಿಯರ ಊರಿನಲ್ಲಲ್ಲ, ಹೆರಿಗೆಯಾದ ಸ್ಥಳದಲ್ಲಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯಿರುವ ಪಾಂಡವಪುರದ ಸೀಮೆಯಲ್ಲಿ ಅದರ ಪರಿಣಾಮ ಸಣ್ಣದಲ್ಲ: ಕೆ.ಆರ್. ಪೇಟೆಯ ಸೊಸೆ ನಾಗಮಂಗಲದ ತವರಿನಲ್ಲಿ ಹೆತ್ತರೆ ದಾಖಲೆ ನಾಗಮಂಗಲದ್ದು, ಶ್ರೀರಂಗಪಟ್ಟಣದ ಬಾಣಂತಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಹೆತ್ತರೆ ದಾಖಲೆ ಮೈಸೂರಿನದು. ವರ್ಷಗಳ ಮೇಲೆ ಪ್ರಮಾಣಪತ್ರ ಹುಡುಕುವವರು ಮೊದಲು ಅಜ್ಜಿಮನೆಯ ಊರನ್ನು ವಿಚಾರಿಸಬೇಕಾಗುವುದು ಇದರಿಂದಲೇ. ಮನೆಯಲ್ಲೇ ಹೆರಿಗೆಯಾಗಿ ಎಲ್ಲಿಯೂ ಬರೆಸದೆ ಉಳಿದವರಿಗಂತೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖೇ ಜನ್ಮದಿನವಾಯಿತು. ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಮಂದಿ ಇರುವುದಕ್ಕೆ ಗ್ರಹಗತಿ ಕಾರಣವಲ್ಲ.

ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮೂಲ ಕಾಯ್ದೆಯು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶವನ್ನು ಕೇಳುತ್ತಿತ್ತು. ಅದಕ್ಕೆ ಮುಂಚೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರವನ್ನು, ಎಂದರೆ ವಹಿಯಲ್ಲಿ ಹುಡುಕಿದರೂ ಹೆಸರು ಸಿಗಲಿಲ್ಲವೆಂಬ ಅಧಿಕೃತ ಹೇಳಿಕೆಯನ್ನು, ಪಡೆಯಬೇಕಾಗಿತ್ತು. ಇಲ್ಲದಿರುವುದಕ್ಕೂ ಪುರಾವೆ ಒದಗಿಸುವ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. 2023ರ ತಿದ್ದುಪಡಿಯು ಆದೇಶ ನೀಡುವ ಅಧಿಕಾರವನ್ನು ನ್ಯಾಯಾಲಯದಿಂದ ತೆಗೆದು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವಹಿಸಿತು. ಅದೇ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಮುಂತಾದವುಗಳಲ್ಲಿ ಹುಟ್ಟಿನ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ.

ವಕೀಲರ ಖರ್ಚು ತಗ್ಗುವುದಾದರೆ ಈ ಬದಲಾವಣೆ ಒಳ್ಳೆಯದೇ. ಆದರೆ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಈ ನಾಲ್ಕೂ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರಿರುವುದರಿಂದ, ಅಧಿಕಾರ ಉಪವಿಭಾಗ ಮ್ಯಾಜಿಸ್ಟ್ರೇಟರಾದ ಉಪವಿಭಾಗಾಧಿಕಾರಿಯಲ್ಲೇ ನಿಂತರೆ, ತಮ್ಮ ಊರಿನ ನ್ಯಾಯಾಲಯಕ್ಕೆ ಹೋಗುತ್ತಿದ್ದ ಕೆ.ಆರ್. ಪೇಟೆ, ನಾಗಮಂಗಲದವರು ಪಾಂಡವಪುರಕ್ಕೆ ಬಸ್ಸು ಹತ್ತಬೇಕಾಗುತ್ತದೆ. ಆ ಅಧಿಕಾರವನ್ನು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾದ ತಹಶೀಲ್ದಾರರವರೆಗೆ ಇಳಿಸಲು ಕಾಯ್ದೆಯಲ್ಲಿ ಅವಕಾಶವಂತೂ ಇದೆ.