ಕಾಲೇಜಿನ ವಿದ್ಯೆಯೂ ಕರಾವಳಿಯ ದುಡಿಮೆಯೂ

(ಶತಮಾನೋತ್ಸವದ ಅಂಗವಾಗಿ ಜರಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಉನ್ನತ ಶಿಕ್ಷಣವು ಒಂದು ಪ್ರದೇಶದ ಆರ್ಥಿಕ ಜೀವನಕ್ಕೆ ಹೇಗೆ ಆಧಾರವಾಗುತ್ತದೆ ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ವಿಷಯ ವಿಶಾಲವಾದುದು. ದೂರದೇಶಗಳ ದೃಷ್ಟಾಂತಗಳನ್ನು ಹುಡುಕುವುದಕ್ಕಿಂತ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಏನು ನಡೆಯಿತೆಂಬುದನ್ನು ನೋಡುವುದೇ ಲೇಸು. ಮನೆಮನೆಯಲ್ಲಿ ಪದವೀಧರರಿದ್ದು, ಅವರಲ್ಲಿ ಬಹುಮಂದಿ ಊರಿನಲ್ಲಿಲ್ಲದ ಈ ಕಾಲದಲ್ಲಿ ಇದು ಬರಿಯ ಇತಿಹಾಸದ ಪ್ರಶ್ನೆಯಲ್ಲ.

1880ರಲ್ಲಿ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದಾಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತದ ಒಂದು ಮೂಲೆಯಾಗಿತ್ತು. ರೈಲು ಮಂಗಳೂರನ್ನು ತಲಪಿದ್ದೇ 1907ರಲ್ಲಿ. ಮದ್ರಾಸಿಗೆ ಹೋಗಿ ಓದುವುದು ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯವಿದ್ದ ಆ ದಿನಗಳಲ್ಲಿ, ಗೇಣಿ ಒಕ್ಕಲಿನ ಮಗನೂ ಅನ್ನದ ಬುತ್ತಿ ಕಟ್ಟಿಕೊಂಡು ಹೋಗಿ ಕಲಿಯಬಹುದಾದ ದಾರಿ ತೆರೆಯಿತು. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಸಂತ ಆಗ್ನೆಸ್ ಕಾಲೇಜನ್ನು ತೆರೆದು ನಮ್ಮ ಹೆಣ್ಣುಮಕ್ಕಳಿಗೂ ಅದೇ ಉಪಕಾರ ಮಾಡಿದರು.

ಆದರೆ ಸತ್ಯವನ್ನು ಮರೆಮಾಚಬಾರದು. ಆ ಕಾಲೇಜುಗಳಿಂದ ಹೊರಬಂದವರು ಹೆಚ್ಚಾಗಿ ಗುಮಾಸ್ತರು, ಉಪಾಧ್ಯಾಯರು, ವಕೀಲರು. ಊರಿನಲ್ಲಿ ಅಷ್ಟು ಗುಮಾಸ್ತರಿಗೆ ಕೆಲಸವೆಲ್ಲಿತ್ತು? ಅವರು ಮುಂಬಯಿಯ ಹಾದಿ ಹಿಡಿದರು. ತಿಂಗಳು ತಿಂಗಳು ಮನಿಯಾರ್ಡರು ಬಂತು. ಊರಿನ ಉದ್ಯಮವೋ, ಕಾಲೇಜಿನ ನೆರಳಿಲ್ಲದೆಯೇ ಬೆಳೆಯಿತು. ಬಾಸೆಲ್ ಮಿಶನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಕೆಲಸಗಾರ ಕಲಿತದ್ದು ಆವೆಯ ಎದುರಿನಲ್ಲಿ. ಅದೇ ಜೆಪ್ಪುವಿನ ಸಂತ ಜೋಸೆಫರ ಆಶ್ರಮದ ಕಾರ್ಯಾಗಾರದಲ್ಲಿ ಮರಗೆಲಸ, ಎರಕ, ಮೂರ್ತಿಶಿಲ್ಪಗಳನ್ನು ಕಲಿತವರ ಕೈಚಳಕವನ್ನು ಕರಾವಳಿಯ ಎಷ್ಟೋ ಇಗರ್ಜಿಗಳ ಪೀಠಗಳಲ್ಲಿ ಇಂದಿಗೂ ಕಾಣಬಹುದು. ಕೈಯ ವಿದ್ಯೆ ಒಂದು ಕಡೆ, ತಲೆಯ ವಿದ್ಯೆ ಇನ್ನೊಂದು ಕಡೆ. ಇವೆರಡರ ನಡುವಿನ ಗೋಡೆ ನಮ್ಮ ಸಮಾಜಕ್ಕೆ ಬಹಳ ನಷ್ಟವನ್ನುಂಟುಮಾಡಿತೆಂದು ನನ್ನ ಅಭಿಪ್ರಾಯ.

ಹಾಗಾದರೆ ಓದಿದವನು ಊರಿನಲ್ಲಿಯೇ ನಿಲ್ಲುವಂತೆ ಮಾಡಿದ್ದು ಯಾವುದು? ಬ್ಯಾಂಕು. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1906ರಲ್ಲಿ ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ ಸ್ಥಾಪಿಸಿದರು. ಮೊದಲು ಶಾಲೆ, ಆಮೇಲೆ ಬ್ಯಾಂಕು. ಈ ಕ್ರಮವನ್ನು ತಾವು ಗಮನಿಸಬೇಕು. ಅದೇ 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1912ರಲ್ಲಿ ನಮ್ಮವರದೇ ಆದ ಮಂಗಳೂರು ಕೆಥೊಲಿಕ್ ಸಹಕಾರಿ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಒಂದೇ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕುಗಳು ತಲೆಯೆತ್ತಿದ್ದು ಸೋಜಿಗವೇ ಸರಿ. ಲೆಕ್ಕ ಬರೆಯಬಲ್ಲ, ಆಂಗ್ಲ ಪತ್ರವ್ಯವಹಾರ ಬಲ್ಲ, ನಂಬಿಕೆಗೆ ಅರ್ಹರಾದ ತರುಣರನ್ನು ಕಾಲೇಜುಗಳು ಒದಗಿಸಿದವು. ಬ್ಯಾಂಕುಗಳು ಅವರಿಗೆ ಅನ್ನವನ್ನೂ, ರೈತನಿಗೂ ವ್ಯಾಪಾರಿಗೂ ಸಾಲವನ್ನೂ ಕೊಟ್ಟವು.

ಈ ಕೊಂಡಿಯ ಪೂರ್ಣ ರೂಪವನ್ನು ಕಾಣಬೇಕಾದರೆ ಮಣಿಪಾಲಕ್ಕೆ ಹೋಗಬೇಕು. ಡಾ. ಟಿ.ಎಂ.ಎ. ಪೈಗಳು ವೈದ್ಯರು, ಬ್ಯಾಂಕು ಸ್ಥಾಪಿಸಿದವರಲ್ಲಿ ಒಬ್ಬರು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾಯಿತು. ಅವರೇ 1953ರಲ್ಲಿ ಆ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ಸ್ಥಾಪಿಸಿದರು. ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುವ ಈ ಪದ್ಧತಿ ಬಡವನಿಗೆ ನ್ಯಾಯವೇ ಎಂಬ ವಾದ ಅಂದಿನಿಂದ ಇಂದಿನವರೆಗೆ ನಡೆದಿದೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಗುಡ್ಡದ ಕೆಳಗಿನವರಿಗೆ ಏನಾಯಿತೆಂದು ನೋಡಿ. ವಿದ್ಯಾರ್ಥಿ ಬಂದರೆ ಅವನಿಗೆ ಊಟ ಬೇಕು, ವಸತಿ ಬೇಕು. ಹಾಲು ಮಾರುವವಳು, ಅಗಸ, ಕಲ್ಲು ಕಡಿಯುವವನು, ರಿಕ್ಷಾ ಓಡಿಸುವವನು, ಪ್ರಯೋಗಶಾಲೆಯ ಸಹಾಯಕ, ದಾದಿ — ಇವರೆಲ್ಲರ ಒಲೆ ಉರಿದದ್ದು ಕಾಲೇಜಿನಿಂದ. ಮಂಗಳೂರಿನಲ್ಲಿಯಾದರೋ ಆ ಕಾಲೇಜಿನ ವಿದ್ಯಾರ್ಥಿಗಳು ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ಕಲಿಯುವ ಏರ್ಪಾಡಾಯಿತು. ಬಡ ರೋಗಿಗೆ ವೈದ್ಯರು ದೊರೆತರು, ಕಲಿಯುವವನಿಗೆ ಅನುಭವ ದೊರೆಯಿತು.

ಸುರತ್ಕಲಿನ ಕಥೆ ಬೇರೆ ಬಗೆಯದು. 1960ರಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳೆರಡೂ ಕೂಡಿ ಆರಂಭಿಸಿದ ಪ್ರಾಂತೀಯ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಾಯಿತು. ಪಕ್ಕದಲ್ಲೇ ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು. ರಸಗೊಬ್ಬರದ ಕಾರ್ಖಾನೆ, ತೈಲ ಶುದ್ಧೀಕರಣಾಗಾರಗಳು ಹಿಂಬಾಲಿಸಿದವು. ಅವುಗಳಿಗಾಗಿ ಭೂಮಿ ಬಿಟ್ಟುಕೊಟ್ಟ ಕುಟುಂಬಗಳಲ್ಲಿ ನಮ್ಮವರೂ ಇದ್ದರು. ಇಂಜಿನಿಯರು ಹೊರರಾಜ್ಯದಿಂದ ಬಂದಾನು; ಭೂಮಿ ಕಳಕೊಂಡವನ ಮಗ ಐಟಿಐ ಕೂಡ ಕಲಿಯದಿದ್ದರೆ ಗೇಟಿನ ಹೊರಗೇ ಉಳಿದಾನು. ಇದನ್ನು ಯಾವ ಕಾಲೇಜೂ ತಾನಾಗಿ ಸರಿಪಡಿಸಲಾರದು.

ಕಡಲಿನ ವಿದ್ಯೆಯ ಕುರಿತೂ ಒಂದು ಮಾತು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾಯಿತು. ಆ ವಿಷಯದಲ್ಲಿ ಪದವಿ ಕೊಡಲು ಭಾರತದಲ್ಲಿ ಸ್ಥಾಪಿತವಾದ ಪ್ರಥಮ ಕಾಲೇಜು ಅದೇ. ಬಂಗುಡೆ, ಬೂತಾಯಿಗಳನ್ನು ಕೆಡದಂತೆ ಸಂಸ್ಕರಿಸುವುದು, ಹಿನ್ನೀರಿನಲ್ಲಿ ಸಿಗಡಿ ಸಾಕುವುದು, ದೋಣಿ ಬಲೆಗಳ ತಂತ್ರ — ಇವು ಈ ನೆಲದ, ಈ ನೀರಿನ ವಿದ್ಯೆಗಳು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದು ರಂಪಣಿ ಮೂಲೆಗುಂಪಾದಾಗ ಸಾವಿರಾರು ಕೈಗಳು ಬರಿದಾದವು. ಹೊಸ ತಂತ್ರ ಬರುವಾಗ ಹಳೆಯ ದುಡಿಮೆಗಾರನನ್ನೂ ತರಬೇತುಗೊಳಿಸಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಈಗ ನಮ್ಮ ಸಂಗತಿ. 1969 ಮತ್ತು 1980ರಲ್ಲಿ ಈ ಜಿಲ್ಲೆಯ ನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ನೇಮಕಾತಿ ಅಖಿಲ ಭಾರತ ಪರೀಕ್ಷೆಯ ಕೈಗೆ ಹೋಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಅಂಗಳದ ಕಾಲೇಜಿನಿಂದ ಅಂಗಳದ ಬ್ಯಾಂಕಿಗೆ ನಡೆದುಹೋಗುತ್ತಿದ್ದ ದಾರಿ ಮುಚ್ಚಿತು. ಕಾಲೇಜುಗಳೇನೋ ಹೆಚ್ಚಿವೆ, ಕೊಂಡಿ ಕಳಚಿದೆ. ಮಕ್ಕಳು ಹೊರಗೆ ಹೋಗುವುದನ್ನು ನಾನು ದೂಷಿಸುವುದಿಲ್ಲ. ನಮ್ಮ ಛಾವಣಿಗಳಲ್ಲಿ ಕೊಲ್ಲಿ ದೇಶಗಳ ಬೆವರಿದೆ. ಆದರೆ ಉಳಿಯಲಿಚ್ಛಿಸುವವನಿಗೆ ದಾರಿ ಇರಬೇಕಷ್ಟೆ.

ಆದುದರಿಂದ ಈ ಶತಮಾನೋತ್ಸವದ ವಿದ್ಯಾನಿಧಿಯ ಬಗ್ಗೆ ಸಮಿತಿಯ ಮುಂದೆ ನನ್ನ ಸೂಚನೆಯನ್ನಿಡುತ್ತೇನೆ. ನಿಧಿಯ ಅರ್ಧ ಭಾಗವನ್ನು ಡಿಪ್ಲೊಮಾ, ಐಟಿಐ, ದಾದಿ ತರಬೇತಿ ಮತ್ತು ಮೀನುಗಾರಿಕಾ ಶಿಕ್ಷಣಕ್ಕೆ ಮೀಸಲಿಡೋಣ. ಅಂಕಗಳನ್ನು ಮಾತ್ರ ನೋಡುವ ನಿಯಮವನ್ನು ಆ ಭಾಗಕ್ಕೆ ಅನ್ವಯಿಸದಿರೋಣ. ಎರಡನೆಯದಾಗಿ, 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಕಾರ್ಖಾನೆ, ಸಂಸ್ಥೆಗಳಲ್ಲಿ ಶಿಷ್ಯವೇತನಸಹಿತ ತರಬೇತಿಗೆ ಅವಕಾಶವಿದೆ. ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರಕಾರವೇ ಭರಿಸುತ್ತದೆ. ನಮ್ಮಲ್ಲಿ ಗ್ಯಾರೇಜು, ಮುದ್ರಣಾಲಯ, ಮಂಜುಗಡ್ಡೆಯ ಘಟಕ, ಲೆಕ್ಕಪರಿಶೋಧನೆಯ ಕಚೇರಿ ನಡೆಸುವವರಿದ್ದಾರೆ. ಅಂಥವರ ಹೆಸರುಗಳನ್ನು ವಾಡೆಯ ಗುರಿಕಾರರು ಬರುವ ಮಳೆಗಾಲದೊಳಗೆ ಬರೆದುಕೊಟ್ಟರೆ, ಯಾರ ಬಳಿ ಎಷ್ಟು ತರುಣರಿಗೆ ಸ್ಥಳವಿದೆಯೆಂದು ವಿಚಾರಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.