ಮೇಜಿಗಿಂತ ಮೊದಲು ದಾರಿ



ಮುಂಬಯಿಯಲ್ಲಿ ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರಿಗೆ ಜಾಗದ ಬೆಲೆ ಹೇಳಿಕೊಡಬೇಕಾಗಿಲ್ಲ. ಒಲೆ ಎಲ್ಲಿ, ನೀರಿನ ಡ್ರಮ್ ಎಲ್ಲಿ, ಮಗು ಓದಲು ಕೂರುವುದೆಲ್ಲಿ ಎಂದು ಅಂಗುಲ ಅಂಗುಲ ಲೆಕ್ಕ ಹಾಕಿದವರು ನಾವು. ಬಾಗಿಲ ಪಕ್ಕ ಒಲೆ ಇಡಬಾರದೆಂದು ನಮ್ಮ ಅಮ್ಮಂದಿರಿಗೆ ಯಾರೂ ಹೇಳದೆಯೇ ಗೊತ್ತಿತ್ತು. ದೊಡ್ಡ ದೊಡ್ಡ ಸಂಶೋಧನಾಲಯಗಳಿಗೂ ಇದೇ ಮಾತು ಸಲ್ಲುತ್ತದೆ ಅಂದರೆ ನಂಬುತ್ತೀರಾ?

ಧ್ವನಿಮುದ್ರಣಕ್ಕೆಂದು ಒಮ್ಮೆ ರಸಾಯನಶಾಸ್ತ್ರದ ಪ್ರಯೋಗಾಲಯವೊಂದಕ್ಕೆ ಹೋಗಿದ್ದೆ. ಪಿಎಚ್.ಡಿ. ಮಾಡುತ್ತಿದ್ದ ಧಾರವಾಡದ ಹುಡುಗಿ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದಳು. "ಕಣ್ಣಿಗೆ ಆಸಿಡ್ ಸಿಡಿದರೆ ಏನು ಮಾಡ್ತೀಯಮ್ಮಾ?" ಎಂದು ಕೇಳಿದೆ. "ಕಣ್ಣು ತೊಳಿಯೋ ನಳ ಐತ್ರೀ ಅಕ್ಕಾ" ಎಂದು ಕೈತೋರಿಸಿದಳು. ನಳದ ಮುಂದೆ ಎದೆಯೆತ್ತರಕ್ಕೆ ರಟ್ಟಿನ ಪೆಟ್ಟಿಗೆಗಳು! "ಹೊಸ ಮಷೀನ್ ಬಂತ್ರಿ, ಇಡಾಕ ಬ್ಯಾರೆ ಜಾಗಾನ ಇಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಂಥ ನಲ್ಲಿ ಕೆಲಸದ ಜಾಗದಿಂದ 10 ಸೆಕೆಂಡಿನ ನಡಿಗೆಯೊಳಗೆ, ಅಡೆತಡೆಯಿಲ್ಲದೆ ಸಿಗಬೇಕು; 15 ನಿಮಿಷ ಕಣ್ಣು ತೊಳೆಯಬೇಕು ಎನ್ನುತ್ತದೆ ಸುರಕ್ಷತೆಯ ನಿಯಮ. ಕಣ್ಣು ಉರಿಯುವವನು ಕಣ್ಣು ಮುಚ್ಚಿಕೊಂಡೇ ಬರುತ್ತಾನಲ್ಲವೇ? ಪೆಟ್ಟಿಗೆ ಸರಿಸುತ್ತಾ ನಿಲ್ಲಲು ಅವನಿಗೆ ಸಮಯವೆಲ್ಲಿ?

ಆದ್ದರಿಂದ ನಕ್ಷೆ ಬರೆಯುವಾಗ ಹೊರಗೋಡುವ ದಾರಿಯನ್ನು ಮೊದಲು ಗುರುತಿಸಬೇಕು. ಮೇಜುಗಳಿಗೆ ಉಳಿದ ಜಾಗ. ಬೆನ್ನಿಗೆ ಬೆನ್ನು ಮಾಡಿ ಇಬ್ಬರು ಕೆಲಸ ಮಾಡುವಲ್ಲಿ, ನಡುವೆ ಮೂರನೆಯವರು ಹಾದುಹೋಗಲು ಸುಮಾರು 5 ಅಡಿ ಬೇಕು. ವಿಷದ ಹೊಗೆಯನ್ನು ಹೀರಿಕೊಳ್ಳುವ ಫ್ಯೂಮ್ ಹುಡ್ ಬಾಗಿಲಿನಿಂದ ದೂರವಿರಬೇಕು. ಅಲ್ಲೇ ಬೆಂಕಿ ಹತ್ತಿದರೆ ಬಾಗಿಲ ದಾರಿ ಮುಚ್ಚೀತು. ಜನ ಓಡಾಡುವ ಗಾಳಿಗೆ ಹೊಗೆ ಹೊರಗೂ ನುಗ್ಗೀತು. ಬರೆಯುವ ಮೇಜು ರಾಸಾಯನಿಕಗಳಿಂದ ಬೇರೆಯಾಗಿರಲಿ.

ಇನ್ನು ಹೊಸ ಯಂತ್ರದ ಪ್ರಶ್ನೆ. ಅದು ಬಂದೇ ಬರುತ್ತದೆ. ಪೋಲಿಯೊ ಲಸಿಕೆಯ ಜೋನಾಸ್ ಸಾಲ್ಕ್ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಸಂಸ್ಥೆ ಕಟ್ಟಿಸಿದಾಗ ಇದನ್ನು ಮುಂಚೆಯೇ ಯೋಚಿಸಿದ್ದರು. ನಕ್ಷೆ ಲೂಯಿ ಕಾನ್ ಅವರದು. ನಮ್ಮ ಅಹಮದಾಬಾದಿನ ಐಐಎಂ ಕಟ್ಟಡ ರೂಪಿಸಿದವರೂ ಅವರೇ. 1965ರಲ್ಲಿ ಮುಗಿದ ಆ ಕಟ್ಟಡದ ಪ್ರಯೋಗಾಲಯಗಳ ನಡುವೆ ಒಂದು ಕಂಬವೂ ಇಲ್ಲ. ಪೈಪು, ತಂತಿಗಳಿಗೆ ಪ್ರತಿ ಪ್ರಯೋಗಾಲಯದ ಮೇಲೆ ಬೇರೆಯದೇ ಅಂತಸ್ತು. ಕೆಲಸ ಬದಲಾದಾಗ ಮೇಜುಗಳನ್ನೂ ಬದಲಿಸಿಕೊಳ್ಳಬಹುದು.

ನಮ್ಮಲ್ಲಿ ಅಷ್ಟು ಹಣ ಎಲ್ಲಿದೆ ಎನ್ನುತ್ತೀರೇನೋ. ಒಂದು ಮೂಲೆಯನ್ನು ಖಾಲಿ ಬಿಡಲು ಹಣ ಬೇಡ, ಮನಸ್ಸು ಸಾಕು.

ನಿಮ್ಮ ಮಗನೋ ಮಗಳೋ ಪುಣೆ, ಹೈದರಾಬಾದಿನ ಪ್ರಯೋಗಾಲಯದಲ್ಲಿ ಇರಬಹುದು. ಇಂದು ರಾತ್ರಿ ಫೋನ್ ಮಾಡಿದಾಗ, ಊಟ ಆಯ್ತಾ ಎಂದು ಕೇಳಿದ ಮೇಲೆ ಇದೊಂದನ್ನೂ ಕೇಳಿ: "ನಿನ್ನ ಮೇಜಿನಿಂದ ಬಾಗಿಲಿಗೆ, ನಲ್ಲಿಗೆ ದಾರಿ ಖಾಲಿ ಇದೆಯಾ?"